ಅಪ್ಪನಿಗೆ ಕ್ಯಾನ್ಸರ್ ಇಲ್ಲ, ಆದರೂ ಡಾಕ್ಟರು ಪ್ಯಾಲಿಯೇಟಿವ್ ಕೇರ್ ಅಂದರು. ಯಾಕೆ?

ನಿಮ್ಮ ಅಪ್ಪನಿಗೆ ಹಾರ್ಟ್ ಫೇಲ್ಯೂರ್ (ರಕ್ತ ಪಂಪ್ ಮಾಡುವ ಹೃದಯದ ಶಕ್ತಿ ಕುಂದುವ ಕಾಯಿಲೆ) ಇದೆ, ಊರಿನ ಡಾಕ್ಟರು ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಉಬ್ಬಸ, ಭಯ ಕಮ್ಮಿ ಮಾಡಿ ನೆಮ್ಮದಿಯಾಗಿ ಇರುವಂತೆ ನೋಡಿಕೊಳ್ಳುವ ಆರೈಕೆ) ಮಾತು ತೆಗೆದರು, ಕೈಬಿಟ್ಟರಾ ಅಂತ ಕೇಳಿದ್ದೀರಿ. ಕೈಬಿಟ್ಟಿಲ್ಲ. ಅವರು ಸರಿಯಾಗಿ ಗಮನಿಸಿದ್ದಾರೆ ಅಂತ ನನಗನ್ನಿಸುತ್ತೆ. ನಾನೂ ತೀರ್ಥಹಳ್ಳಿ ಹತ್ತಿರ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರ್.

ನಾವು ನಮಗೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ: ‘ಇವರು ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತಾ?’ ಆಗಲ್ಲ ಅನ್ನಿಸಿದರೆ ಇನ್ನಷ್ಟು ಗಮನ ಕೊಟ್ಟು ನೋಡುತ್ತೇವೆ. ಇದು ಭವಿಷ್ಯ ಹೇಳೋದಲ್ಲ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತೆ, ಕ್ಯಾನ್ಸರ್ ಅಲ್ಲದ ಕಾಯಿಲೆಗಳಲ್ಲಂತೂ ಜಾಸ್ತಿ. ಅದಕ್ಕೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತಯಾರಾದ ‘ಸ್ಪಿಕ್ಟ್’ ಅನ್ನೋ, ಈ ಆರೈಕೆ ಯಾರಿಗೆ ಬೇಕಾಗಬಹುದು ಅಂತ ಗುರುತಿಸುವ ಲಕ್ಷಣಗಳ ಪಟ್ಟಿಯನ್ನೂ ಬಳಸುತ್ತೇವೆ. ಮತ್ತೆ ಮತ್ತೆ ತುರ್ತಾಗಿ ಅಡ್ಮಿಟ್ ಆಗುತ್ತಿದ್ದಾರಾ? ಅರ್ಧ ದಿನಕ್ಕಿಂತ ಜಾಸ್ತಿ ಹಾಸಿಗೆ, ಕುರ್ಚಿಯಲ್ಲೇ ಇರುತ್ತಾರಾ? ತೂಕ ಇಳಿಯುತ್ತಿದೆಯಾ? ಔಷಧಿ ಸರಿಯಾಗಿ ಕೊಟ್ಟರೂ ಉಬ್ಬಸ, ನೋವು ಹೋಗುತ್ತಿಲ್ವಾ?

ಓದೋಕೆ ಸುಲಭ. ನಾನೇ ತಪ್ಪಿದ್ದೇನೆ. ನನ್ನ ಹತ್ತಿರ ಬರುತ್ತಿದ್ದ ಹಿರಿಯರೊಬ್ಬರಿಗೂ ಹೃದಯದ್ದೇ ತೊಂದರೆ. ಎಂಥಾ ಮಳೆಯಲ್ಲೂ ದಿನಾ ಅಡಿಕೆ ತೋಟಕ್ಕೆ ಇಳಿದು ಬರುತ್ತಿದ್ದವರು, ಆ ವರ್ಷ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ದಿನವೂ ಜಗುಲಿ ಬಿಟ್ಟು ಏಳಲಿಲ್ಲ. ತಿಂಗಳಿಗೊಮ್ಮೆ ಬಂದಾಗ ಬಿಪಿ ನೋಡಿ, ಮಾತ್ರೆ ಬರೆದು ಕಳಿಸುತ್ತಿದ್ದೆ. ಕಾಲಲ್ಲಿ ನೀರು ತುಂಬಿದ್ದರಿಂದ ತೂಕ ಅಷ್ಟೇ ಇತ್ತು. ಒಂದು ದಿನ ನಾಡಿ ಹಿಡಿದಾಗ ಅವರ ಉಂಗುರಕ್ಕೆ ದಾರ ಸುತ್ತಿದ್ದು ಕಂಡಿತು. ಬೆರಳು ಸಣ್ಣಗಾಗಿ ಉಂಗುರ ಜಾರುತ್ತಿತ್ತು. ದಾರ ಎಣ್ಣೆ ಹಿಡಿದು ಕಪ್ಪಾಗಿತ್ತು. ಸುತ್ತಿ ಎಷ್ಟು ತಿಂಗಳಾಗಿತ್ತೋ! ಅಷ್ಟು ದಿನವೂ ಆ ಕೈಗೇ ಬಿಪಿ ಪಟ್ಟಿ ಕಟ್ಟಿದ್ದೆ. ಅವರಿಗೇನು ಬೇಕು ಅಂತ ಕೂತು ಕೇಳುವಷ್ಟರಲ್ಲಿ ತಡವಾಗಿತ್ತು. ಅದು ಈಗಲೂ ನೋಯುತ್ತೆ.

ಕ್ಯಾನ್ಸರ್ ಆದರೆ ಇಳಿಮುಖ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತೆ. ಹೃದಯ, ಶ್ವಾಸಕೋಶದ ಕಾಯಿಲೆಯವರು ಅಡ್ಮಿಟ್ ಆಗುತ್ತಾರೆ, ಸುಧಾರಿಸಿಕೊಂಡು ಮನೆಗೆ ಬರುತ್ತಾರೆ. ಮನೆಯವರೂ, ನಾವೂ ಉಸ್ಸಪ್ಪಾ ಅಂತೀವಿ. ಹೋದ ಸಲದಷ್ಟು ಚೇತರಿಸಿಕೊಂಡಿಲ್ಲ ಅನ್ನೋದು ಆ ಸಮಾಧಾನದಲ್ಲಿ ಮರೆತೇ ಹೋಗುತ್ತೆ.

ಪ್ಯಾಲಿಯೇಟಿವ್ ಕೇರ್ ಶುರುವಾದರೂ ಈಗಿನ ಮಾತ್ರೆ ಯಾವುದನ್ನೂ ಸುಮ್ನೆ ನಿಲ್ಲಿಸಲ್ಲ. ಜೊತೆಗೆ ಉಬ್ಬಸ, ನಿದ್ದೆ, ಭಯ ಇವಕ್ಕೆ ದಾರಿ ಹುಡುಕುತ್ತಾರೆ. ಮತ್ತೆ ತೀರಾ ಹುಷಾರು ತಪ್ಪಿದರೆ ಶಿವಮೊಗ್ಗಕ್ಕೆ ಒಯ್ಯಬೇಕಾ, ಮನೆಯಲ್ಲೇ ಇರಬೇಕಾ ಅಂತ ಅಪ್ಪನನ್ನೇ ಕೇಳಿಟ್ಟುಕೊಳ್ಳುತ್ತಾರೆ. ಇದರಿಂದ ಆಯಸ್ಸು ಕಮ್ಮಿ ಆಗುತ್ತೆ ಅಂತ ಹೆದರಬೇಡಿ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಈ ಆರೈಕೆ ಬೇಗ ಶುರು ಮಾಡಿದಾಗ ಅವರು ನೆಮ್ಮದಿಯಾಗೂ ಇದ್ದರು, ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸುಮಾರು ಎರಡೂವರೆ ತಿಂಗಳು ಹೆಚ್ಚೇ ಬದುಕಿದರು. ನಿಮ್ಮ ಅಪ್ಪನ ಕಾಯಿಲೆ ಬೇರೆ, ನಿಜ. ಆದರೂ ಬೇಗ ಶುರು ಮಾಡುವುದೇ ಒಳ್ಳೇದು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಅಪ್ಪ ಈಗ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ, ರಾತ್ರಿ ಎಷ್ಟು ಸಲ ಎದ್ದು ಕೂರುತ್ತಾರೆ ಅನ್ನೋದು ಅಮ್ಮನಿಗೇ ಗೊತ್ತಿರುತ್ತೆ.