ವಯಸ್ಸಾದವರನ್ನು ಕೆಲಸದಿಂದ ಬಿಡಿಸಬೇಡಿ, ಮೊದಲು ಬೆಳಕು ಹಾಕಿಸಿ

ತೀರ್ಥಹಳ್ಳಿ ಹತ್ತಿರದ ನಿಮ್ಮ ಅಡಿಕೆ ಶೆಡ್‌ನಲ್ಲಿ 55 ದಾಟಿದ ಮೂವರಿಗೆ ಸೊಂಟ, ಮೊಣಕಾಲು ನೋವು, ಅಡಿಕೆ ಆರಿಸಿ ಬೇರೆ ಮಾಡುವುದೂ ನಿಧಾನ, ಏನು ಮಾಡಲಿ ಅಂತ ಕೇಳಿದ್ದೀರಿ. ಬಿಡಿಸುವ ಯೋಚನೆ ಬೇಡ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ದರ್ಜೆ ನೋಡಿ ಬೇರೆ ಮಾಡುವ ಕಣ್ಣು ಒಂದೇ ಸೀಸನ್ನಿಗೆ ಬರುವುದಿಲ್ಲ, ಅಲ್ವಾ?

ನಿಧಾನಕ್ಕೆ ಕಾರಣ ಬೆಳಕೇ ಇರಬಹುದು. 20ರ ವಯಸ್ಸಿಗೆ ಹೋಲಿಸಿದರೆ 60ರಲ್ಲಿ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅದರ ಮೇಲೆ ನಮ್ಮ ಮಲೆನಾಡಿನ ಮೋಡ, ಶೆಡ್ಡಿಗೊಂದೇ ಬಲ್ಬು! ಆರಿಸುವ ಜಾಗದ ಮೇಲೇ ಎಲ್‌ಇಡಿ ಟ್ಯೂಬ್ ಹಾಕಿಸಿ. ಕಣ್ಣು ಪರೀಕ್ಷೆ ಮಾಡಿಸಿ ಚಾಳೀಸಿನ ಕನ್ನಡಕ ಕೊಡಿಸಿ. ದೊಡ್ಡ ಖರ್ಚೇನಲ್ಲ.

ನೆಲದಲ್ಲಿ ಕೂರಿಸುವುದು ನಿಲ್ಲಿಸಿ. ಮೇಜು, ಒರಗುವ ಕುರ್ಚಿ ಸಾಕು. ಆದರೆ ದಿನವಿಡೀ ಕೂರುವುದೂ ಒಳ್ಳೆಯದಲ್ಲ, ನಡುನಡುವೆ ಎದ್ದು ಓಡಾಡಲಿ. ಮೂಟೆ ಹೊರಲು ಕೈಗಾಡಿ ತನ್ನಿ.

2007ರಲ್ಲಿ ಜರ್ಮನಿಯ ಡಿಂಗೊಲ್ಫಿಂಗ್‌ನಲ್ಲಿ ಬಿಎಂಡಬ್ಲ್ಯು ಕಾರು ಕಂಪನಿ ಇಂಥದ್ದನ್ನೇ ಮಾಡಿತು. ಸರಾಸರಿ 47 ವಯಸ್ಸಿನವರ ಉತ್ಪಾದನಾ ಸಾಲಿಗೆ ಮರದ ನೆಲ, ಕುರ್ಚಿ, ಭೂತಗನ್ನಡಿ ಕೊಟ್ಟರು. ವರ್ಷದಲ್ಲಿ ಉತ್ಪಾದಕತೆ ಶೇ. 7ರಷ್ಟು ಏರಿತು. ಏನು ಬದಲಿಸಬೇಕೆಂದು ಹೇಳಿದವರಲ್ಲಿ ಕೆಲಸಗಾರರೂ ಇದ್ದರು. ನೀವೂ ಆ ಮೂವರನ್ನೇ ಕೇಳಿ.

10 ಅಥವಾ ಹೆಚ್ಚು ಜನರಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದಾ ವಿಚಾರಿಸಿ. ಒಟ್ಟು ಎಷ್ಟು ಜನ ಇದ್ದಾರೆ, ತಿಳಿಸ್ತೀರಾ?