ಡಬ್ಬಿಯಲ್ಲಿ ದಿನಾ ಸಲಾಮಿ: ಓದುಗರಿಗೆ ಸಂಪಾದಕರ ಉತ್ತರ

ಅಕ್ಕಾ, ನಮಸ್ಕಾರ.

ಕಲಬುರಗಿಯ ಜೇವರ್ಗಿ ಕಾಲೊನಿಯಿಂದ ನೀವು ಬರೆದ ಪತ್ರ ತಲುಪಿದೆ. ಮೊಮ್ಮಗ ಹತ್ತನೇ ಕ್ಲಾಸು. ಸೊಸೆ ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಡುತ್ತಾಳೆ, ಹಾಗಾಗಿ ದಿನಾ ಹುಡುಗನ ಡಬ್ಬಿಗೆ ಬ್ರೆಡ್ಡು, ಚಿಕನ್ ಸಲಾಮಿ (ಉಪ್ಪು, ಮಸಾಲೆ ಬೆರೆಸಿ ಕೆಡದಂತೆ ಮಾಡಿದ ಮಾಂಸದ ತೆಳ್ಳನೆ ಬಿಲ್ಲೆ). 'ಸಲಾಮಿ ತಿನ್ನೋದೂ ಒಂದೇ, ಸಿಗರೇಟು ಸೇದೋದೂ ಒಂದೇ' ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನೀವು ತೋರಿಸಿದಿರಿ, ಮನೆಯಲ್ಲಿ ಜಗಳವಾಯಿತು. ನಾವು ಬಿಸಿಲಿಗೆ ಒಣಗಿಸುವ ಖಂಡವೂ ಇದೇ ಲೆಕ್ಕವಾ ಎಂದೂ ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ಯಜಮಾನರ ಬಗ್ಗೆ ಒಂದು ಸಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಮೆಸೇಜು ಹುಟ್ಟಿದ್ದು ಎಲ್ಲಿಂದ ಅಂದರೆ, 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದು ವರದಿ ಕೊಟ್ಟಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಕೂತು ನೋಡಿದ್ದರು. ಸಲಾಮಿ, ಸಾಸೇಜು, ಹ್ಯಾಮ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಒಂದನೇ ಗುಂಪಿಗೆ ಹಾಕಿದರು. ತಂಬಾಕೂ ಅದೇ ಗುಂಪಿನಲ್ಲಿದೆ. ಅಷ್ಟು ಸಾಕಾಯಿತು, ಎರಡೂ ಒಂದೇ ಅಂತ ಸುದ್ದಿ ಓಡಿತು.

ಒಂದನೇ ಗುಂಪು ಅಂದರೆ 'ಇದರಿಂದ ಕ್ಯಾನ್ಸರ್ ಬರಬಹುದು ಅನ್ನುವುದಕ್ಕೆ ಸಾಕ್ಷಿ ಗಟ್ಟಿಯಾಗಿದೆ' ಎಂದು. ಎಷ್ಟು ಜನಕ್ಕೆ ಬರುತ್ತದೆ ಅನ್ನುವುದು ಆ ಗುಂಪಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ನೋಡಬೇಕು. ಆಗ ಅದೇ ಸಂಸ್ಥೆ ಉಲ್ಲೇಖಿಸಿದ ಅಂದಾಜು ಹೀಗಿತ್ತು: ಜಗತ್ತಿನಲ್ಲಿ ವರ್ಷಕ್ಕೆ ತಂಬಾಕಿನಿಂದ ಆಗುವ ಕ್ಯಾನ್ಸರ್ ಸಾವು ಸುಮಾರು 10 ಲಕ್ಷ. ಸಂಸ್ಕರಿಸಿದ ಮಾಂಸ ಜಾಸ್ತಿ ತಿನ್ನುವುದರಿಂದ ಸುಮಾರು 34 ಸಾವಿರ. 34 ಸಾವಿರವೂ ಸಣ್ಣ ಸಂಖ್ಯೆ ಅಲ್ಲ. ಆದರೆ ಮೊಮ್ಮಗನನ್ನು ಸಿಗರೇಟು ಸೇದುವವನ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ಸೊಸೆಗೆ ಆ ಮಾತು ಚುಚ್ಚಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಅಂಕಿ 18. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು ಏರುತ್ತದೆ ಎಂದಿದೆ ವರದಿ. ಇದನ್ನು ನೂರರಲ್ಲಿ 18 ಜನಕ್ಕೆ ಬರುತ್ತದೆ ಅಂತ ಓದಿಕೊಂಡವರು ಬಹಳ ಮಂದಿ. ಅದು ಹಾಗಲ್ಲ. ಒಂದು ಊರಿನಲ್ಲಿ ನೂರರಲ್ಲಿ 5 ಜನಕ್ಕೆ ಬರುತ್ತಿತ್ತು ಅಂದುಕೊಳ್ಳಿ. ಎಲ್ಲರೂ ದಿನಾ 50 ಗ್ರಾಂ ತಿಂದರೆ ಅದು 6ರ ಹತ್ತಿರ ಹೋಗುತ್ತದೆ, ಅಷ್ಟೇ.

ಹಾಗಿದ್ದರೆ ತಿನ್ನಲಿ ಬಿಡಿ ಎನ್ನಲೇ? ಇಲ್ಲ. 'ದಿನಾ' ಅನ್ನುವ ಮಾತು ಇದೆಯಲ್ಲ, ನನ್ನ ತಕರಾರು ಅದರ ಮೇಲೆ. ನಿಮ್ಮ ಪತ್ರ ಓದಿದ ಮೇಲೆ ಒಂದು ಪ್ಯಾಕೆಟ್ ಚಿಕನ್ ಸಲಾಮಿ ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ನಾಲ್ಕು ತೆಳ್ಳನೆ ಬಿಲ್ಲೆಗೇ ಮುಳ್ಳು 50 ಗ್ರಾಂ ದಾಟಿತು. ಎರಡು ಸ್ಯಾಂಡ್‌ವಿಚ್ಚಿಗೆ ಅಷ್ಟು ಬೇಕೇ ಬೇಕು. ಅದರಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ, ಅದಕ್ಕೂ ಜಾಸ್ತಿ ಉಪ್ಪಿರುತ್ತದೆ. ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತಾರೆ. ನಮ್ಮ ಕಡೆ ಉಪ್ಪಿನಕಾಯಿ, ಹಪ್ಪಳ, ಹಿಂಡಿ ಎಲ್ಲ ಸೇರಿದರೆ ಅದು ಎಂದೋ ದಾಟಿರುತ್ತದೆ. ಚಿಕನ್ ಆದ್ದರಿಂದ ಪರವಾಗಿಲ್ಲ ಅಂತ ಸೊಸೆ ಹೇಳಿದಳಂತೆ. ಸಂಸ್ಕರಿಸಿದ ಮಾಂಸ ಅನ್ನುವಾಗ ಕೋಳಿಯನ್ನೂ ಸೇರಿಸಿಯೇ ಹೇಳಿದ್ದಾರೆ.

ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 250 ಅಂತ ಇದ್ದರೆ ಅದು ಸೋಡಿಯಂ ನೈಟ್ರೈಟ್. ಬಿಲ್ಲೆಯ ಆ ಗುಲಾಬಿ ಬಣ್ಣ ಅದರದೇ. ಅದರ ಅಣ್ಣ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ನಾನು ಬೀದರಿನವನು. ಬಿದರಿ ಕೆಲಸದವರು ಕೋಟೆಯ ಹಳೇ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ, ಇದು ಆದೀತು, ಇದು ಆಗದು ಅಂತ ಹೇಳುವುದನ್ನು ಸಣ್ಣವನಿದ್ದಾಗ ನೋಡಿದ್ದೇನೆ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶ ಇದೆ ಎನ್ನುತ್ತಾರೆ. ಯುರೋಪಿನವರು ಹಿಂದೆ ಮಾಂಸ ಕೆಡದಿರಲಿ ಅಂತ ಹಚ್ಚುತ್ತಿದ್ದದ್ದು ಈ ಪೆಟ್ಲುಪ್ಪನ್ನೇ. ಮಾಂಸದಲ್ಲಿ ಅದು ನೈಟ್ರೈಟ್ ಆಗುತ್ತದೆ. ಇದನ್ನು ಸುಮ್ನೆ ಹಾಕುವುದಿಲ್ಲ. ಬಾಟುಲಿಸಂ ಎಂಬ ಜೀವ ತೆಗೆಯುವ ಕಾಯಿಲೆ ತರುವ ವಿಷ ಮಾಂಸದಲ್ಲಿ ಹುಟ್ಟದಂತೆ ತಡೆಯುತ್ತದೆ. ಆ ಹೆಸರು ಬಂದದ್ದೇ ಸಾಸೇಜಿನ ಲ್ಯಾಟಿನ್ ಪದದಿಂದ. 1820ರ ಸುಮಾರಿಗೆ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಸಾಸೇಜು ತಿಂದು ಸತ್ತವರ ವಿವರ ಒಟ್ಟು ಮಾಡಿ ಬರೆದಿದ್ದರು. ತೊಂದರೆ ಏನಂದರೆ, ಇದೇ ನೈಟ್ರೈಟ್ ಹೊಟ್ಟೆಯಲ್ಲೂ ಕಾದ ತವಾದ ಮೇಲೂ ಮಾಂಸದ ಅಂಶದೊಂದಿಗೆ ಕೂಡಿ ನೈಟ್ರೋಸಮೈನ್ ಎಂಬ ಕೆಟ್ಟ ವಸ್ತು ಆಗುತ್ತದೆ. ಆದ್ದರಿಂದ ಸಾಸೇಜನ್ನು ಕಪ್ಪಗಾಗುವ ತನಕ ಹುರಿಯಬೇಡಿ.

ಇನ್ನೊಂದು ಭಯ ಇದಕ್ಕಿಂತ ಹತ್ತಿರದ್ದು. ಲಿಸ್ಟೀರಿಯಾ ಎಂಬ ಕ್ರಿಮಿ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಥ ರೆಡಿ ಮಾಂಸದಿಂದ ಅದು ಹರಡಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಸುಗೂಸುಗಳೂ ಬಹಳ. ಮನೆಯಲ್ಲಿ ಬಸುರಿ ಇದ್ದರೆ ಸಲಾಮಿಯನ್ನು ತಣ್ಣಗೆ ಕೊಡಲೇಬೇಡಿ, ಹೊಗೆಯಾಡುವಷ್ಟು ಬಿಸಿ ಮಾಡಿ. ನಮ್ಮ ಮೇ ತಿಂಗಳ ಬಿಸಿಲು, ಅದರಲ್ಲಿ ಕರೆಂಟು ಹೋಗುವುದು ನಿಮಗೇ ಗೊತ್ತು. ಒಡೆದ ಪ್ಯಾಕೆಟ್ಟು ಎರಡು ಮೂರು ದಿನಕ್ಕಿಂತ ಇಡಬೇಡಿ.

ಖಂಡದ ಮಾತು. ಬಕ್ರೀದ್ ಆದ ಮೇಲೆ, ಜಾತ್ರೆ ಮುಗಿದ ಮೇಲೆ ಉಪ್ಪು, ಅರಿಶಿನ ಹಚ್ಚಿ ಹಗ್ಗಕ್ಕೆ ಇಳಿಬಿಟ್ಟ ಖಂಡವೂ ಆ ವರದಿಯ ಪ್ರಕಾರ ಸಂಸ್ಕರಿಸಿದ ಮಾಂಸವೇ. ಉಪ್ಪು ಹಚ್ಚಿ ಒಣಗಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ನಮ್ಮದು ಅಂತ ಅದಕ್ಕೆ ವಿನಾಯಿತಿ ಕೊಡಲಾರೆ. ಆದರೆ ಅದನ್ನು ಯಾರೂ ದಿನಾ ತಿನ್ನುವುದಿಲ್ಲ, ಅಲ್ವಾ? ತಿಂಗಳಿಗೊಮ್ಮೆ ನೆನೆಸಿ, ಆ ನೀರು ಚೆಲ್ಲಿ ಸಾರು ಮಾಡುತ್ತೀರಿ. ಮಾಡಿ. ಸಲಾಮಿಯನ್ನೂ ಹಾಗೇ ನೋಡಿ: ಹುಡುಗನ ಹುಟ್ಟುಹಬ್ಬಕ್ಕೆ, ಪರೀಕ್ಷೆ ಮುಗಿದ ದಿನಕ್ಕೆ.

ಉಳಿದ ದಿನದ ಡಬ್ಬಿಗೆ ಸೊಸೆಯ ಕೈಯಲ್ಲಿ ಹತ್ತೇ ನಿಮಿಷ ಇರುವುದು ನಿಜ. ಅಕ್ಕಾ, ಇಲ್ಲಿ ನೀವು ಕೈ ಹಚ್ಚಬೇಕು. ರಾತ್ರಿಯೇ ತತ್ತಿ ಕುದಿಸಿಟ್ಟರೆ ಬೆಳಿಗ್ಗೆ ಬ್ರೆಡ್ಡಿನೊಳಗೆ ಅದೇ ಆದೀತು. ರವಿವಾರದ ಕೋಳಿಯಲ್ಲಿ ನಾಲ್ಕು ತುಂಡು ತೆಗೆದಿಟ್ಟರೆ ಸೋಮವಾರಕ್ಕೆ ಆಯಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಸುತ್ತಿ ಕೊಟ್ಟರೆ ಇನ್ನೂ ಒಳ್ಳೆಯದು. ಜೋಳ, ತೊಗರಿ, ಪುಂಡಿ ಪಲ್ಯದ ನಾರು ದೊಡ್ಡ ಕರುಳನ್ನು ಕಾಯುತ್ತದೆ.

ಈಗ ಆ ಕೊನೆಯ ಸಾಲು. 'ನಮ್ಮ ಯಜಮಾನರಿಗೆ ಆರು ತಿಂಗಳಿಂದ ಮೂಲವ್ಯಾಧಿ, ರಕ್ತ ಹೋಗುತ್ತದೆ, ಅವರು ಸಲಾಮಿ ತಿನ್ನಬಹುದಾ?' ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ನಮ್ಮ ಕಾಕಾ ಸಲಾಮಿಯನ್ನು ಕಣ್ಣಿಂದಲೂ ನೋಡಿದವರಲ್ಲ. ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಅಂತ ಒಂದು ವರ್ಷ ಮಜ್ಜಿಗೆ, ನಾಟಿ ಔಷಧಿ ಮಾಡಿದರು. ದುರ್ಬೀನು ಹಾಕಿ ನೋಡಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಬಲಿತಿತ್ತು. ಬೇಗ ಸಿಕ್ಕಿದ್ದರೆ ಕೊಯ್ದು ತೆಗೆಯಬಹುದಿತ್ತು ಅಂತ ಡಾಕ್ಟರ್ ಹೇಳಿದ್ದು ನನ್ನೆದುರೇ. ನಿಮ್ಮವರದು ಬರೀ ಮೂಲವ್ಯಾಧಿಯೇ ಇರಬಹುದು, ಬಹಳ ಮಂದಿಗೆ ಅದೇ ಇರುತ್ತದೆ. ಆದರೂ ವಯಸ್ಸು 66 ಎಂದು ಬರೆದಿದ್ದೀರಿ. ಅಲ್ಲಿಯ ಜಿಮ್ಸ್ ಸರಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ ಗುರುತಿನ ಸರ್ಜನ್ ಹತ್ತಿರ ಹೋಗಿ. ಸಂಚಿಕೆ ಅಚ್ಚಾಗಿ ನಿಮ್ಮ ಕೈ ಸೇರಲು ಹದಿನೈದು ದಿನ ಬೇಕು ಅಂತಲೇ ಮೊನ್ನೆ ಸಂಜೆ ಫೋನ್ ಮಾಡಿದ್ದೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ ಎಂದಿರಿ. ಹೋಗಿ ಬಂದ ಮೇಲೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.