ಬೋಟಿನವರ ಮನಸ್ಸನ್ನು ನಾಲ್ಕು ಸಲ ಅಳೆದಿದ್ದೇನೆ, ಒಬ್ಬೊಬ್ಬರ ಬದಲಾವಣೆ ನೋಡುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಕೆಲಸಗಾರರಿಗೆ ಮೇ, ಜೂನ್ ಕೊನೆ, ಜುಲೈ ಕೊನೆ, ಸೆಪ್ಟೆಂಬರ್ ಹೀಗೆ ನಾಲ್ಕು ಸಲ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನು (ಖಿನ್ನತೆ ಅಳೆಯುವ 9 ಪ್ರಶ್ನೆ, ಒಟ್ಟು 0ಯಿಂದ 27 ಅಂಕ, ಅಂಕ ಜಾಸ್ತಿ ಅಂದರೆ ಮನಸ್ಸು ಹೆಚ್ಚು ಕುಗ್ಗಿದೆ) ಕೇಳಿದ್ದೀರಿ. ಮೀನುಗಾರಿಕೆ ನಿಷೇಧದ ಹೊತ್ತಿಗೆ ಯಾರ ಮನಸ್ಸು ಎಷ್ಟು ಕುಗ್ಗುತ್ತದೆ ಅಂತ ನೋಡಬೇಕು. ಗೈಡ್ ಮಾತ್ರ ರಿಪೀಟೆಡ್ ಮೆಷರ್ಸ್ ಅನೋವಾ (ಅದೇ ಜನರ ಹಲವು ಸಲದ ಅಳತೆಗಳ ಸರಾಸರಿ ಹೋಲಿಸುವ ಲೆಕ್ಕ) ಸಾಕು ಅಂತಿದ್ದಾರೆ.

ಸಾಕಾಗುವುದಿಲ್ಲ. ಅನೋವಾ ಹೇಳುವುದು ಸರಾಸರಿ ಬದಲಾಯಿತೋ ಇಲ್ಲವೋ ಅಂತ ಅಷ್ಟೇ. ಅರ್ಧ ಜನಕ್ಕೆ 4 ಅಂಕ ಏರಿ ಉಳಿದ ಅರ್ಧಕ್ಕೆ 4 ಇಳಿದರೆ ಸರಾಸರಿ ಅಲ್ಲಾಡುವುದೇ ಇಲ್ಲ, ‘ಬದಲಾವಣೆ ಇಲ್ಲ’ ಅಂತ ಬರೆದು ಕೈತೊಳೆದುಕೊಳ್ಳಬೇಕಾಗುತ್ತದೆ.

ನಾನು ಶಿರಸಿಯಲ್ಲಿ ಕೂತು ಇಂಥದ್ದೇ ಡೇಟಾ ನೋಡುವವನು, ನನ್ನ ಮಾತು ಕೇಳಿದರೆ ಮಾಡೆಲ್‌ಗೂ ಮೊದಲು ಚಿತ್ರ ಬರೆಯಿರಿ. ಒಬ್ಬೊಬ್ಬರಿಗೆ ಒಂದು ಗೆರೆ. ಎಲ್ಲ ಸೇರಿ ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ, ಪರವಾಗಿಲ್ಲ. ಯಾರು ಏರಿದರು, ಯಾರು ಇದ್ದಲ್ಲೇ ಇದ್ದರು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಆಮೇಲೆ ಲೀನಿಯರ್ ಮಿಕ್ಸೆಡ್ ಮಾಡೆಲ್. ಲೇರ್ಡ್ ಮತ್ತು ವೇರ್ 1982ರಲ್ಲಿ ಇದರ ಬಗ್ಗೆ ಬರೆದ ಲೇಖನವನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಎಲ್‌ಎಂಇ4 ಪ್ಯಾಕೇಜ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಇದರಲ್ಲಿ ಪ್ರತಿಯೊಬ್ಬನಿಗೂ ಅವನದೇ ಶುರುವಿನ ಮಟ್ಟ, ಅವನದೇ ಬದಲಾವಣೆ ಇರುತ್ತದೆ. ಆ ಬದಲಾವಣೆಗಳು ಒಬ್ಬರಿಂದ ಒಬ್ಬರಿಗೆ ಎಷ್ಟು ಹರಡಿಕೊಂಡಿವೆ ಅನ್ನುವ ಅಂಕಿಯೇ ನಿಮಗೆ ಬೇಕಾದ್ದು.

ಆದರೆ ಸುಮ್ನೆ 1, 2, 3, 4 ಅಂತ ಸಮಯ ಹಾಕಿ ನೇರ ಗೆರೆ ಎಳೆಯಬೇಡಿ. ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಅಂಕ ಅಲ್ಲಿ ಏರಿ ಸೆಪ್ಟೆಂಬರ್‌ಗೆ ಇಳಿದರೆ ನೇರ ಗೆರೆ ಚಪ್ಪಟೆಯಾಗಿ ಕಾಣುತ್ತದೆ. ಮೇ, ಸೆಪ್ಟೆಂಬರ್‌ಗೆ 0, ನಡುವಿನ ಎರಡಕ್ಕೆ 1 ಕೊಟ್ಟು, ಆ 0–1ರ ಪರಿಣಾಮ ಒಬ್ಬೊಬ್ಬರಿಗೆ ಬೇರೆ ಇರಲು ಬಿಡಿ. ಅದರ ಜೊತೆಗೆ ತಿಂಗಳಿಂದ ತಿಂಗಳಿಗೆ ಅಂಕ ಏರುವ, ಇಳಿಯುವ ವೇಗವನ್ನೂ ಒಬ್ಬೊಬ್ಬರಿಗೆ ಬೇರೆ ಬಿಟ್ಟರೆ ತಲೆಗೆ ನಾಲ್ಕೇ ಅಳತೆ ಇರುವಾಗ ಮಾಡೆಲ್ ಒದ್ದಾಡುತ್ತದೆ. ಅಂದಹಾಗೆ ಜೂನ್ ಕೊನೆಗೆ ಕೇಳಿದ್ದು ಒಳ್ಳೆಯದೇ ಆಯಿತು. ಪಿಎಚ್‌ಕ್ಯೂ-9 ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. ಜೂನ್ 5ಕ್ಕೆ ಹೋಗಿದ್ದರೆ ಬಹುಪಾಲು ಮೇ ತಿಂಗಳ ಉತ್ತರವೇ ಸಿಗುತ್ತಿತ್ತು.

ಜುಲೈಯಲ್ಲಿ ಹಲವರು ಸಿಗಲಿಲ್ಲ ಅಂದಿದ್ದೀರಿ. ಒಂದು ಅಳತೆ ತಪ್ಪಿದರೂ ಸಾಮಾನ್ಯವಾಗಿ ಅನೋವಾ ಆ ಮನುಷ್ಯನನ್ನೇ ಪೂರ್ತಿ ಬಿಟ್ಟುಬಿಡುತ್ತದೆ, ಮಿಕ್ಸೆಡ್ ಮಾಡೆಲ್ ಉಳಿದ ಮೂರನ್ನು ಬಳಸಿಕೊಳ್ಳುತ್ತದೆ. ಆದರೆ ಯಾಕೆ ಸಿಗಲಿಲ್ಲ ಅನ್ನುವುದು ಮುಖ್ಯ. ಹೊರರಾಜ್ಯದ ಕೆಲಸಗಾರರು ಬೋಟು ದಡ ಸೇರಿದ ಕೂಡಲೇ ಊರಿಗೆ ಹೋಗಿರುತ್ತಾರೆ. ಯಾವ ಊರಿನವರು ಅನ್ನುವುದನ್ನು ಮಾಡೆಲ್‌ಗೆ ಸೇರಿಸಿದರೆ ಅಷ್ಟು ತೊಂದರೆ ಇಲ್ಲ. ಮನಸ್ಸು ತೀರಾ ಕುಗ್ಗಿದ್ದಕ್ಕೇ ಮಾತಾಡಲು ಮುಂದೆ ಬರದವರು ಇದ್ದರೆ ಮಾತ್ರ ಯಾವ ಸಾಫ್ಟ್‌ವೇರೂ ಅದನ್ನು ಸರಿ ಮಾಡಲ್ಲ.

ಇನ್ನೊಂದು, ಮಳೆಗಾಲವೂ ಅದೇ ಹೊತ್ತಿಗೆ ಬರುತ್ತದೆ. ಕುಗ್ಗಿದ್ದು ನಿಷೇಧಕ್ಕೋ ಮಳೆಗೋ? ಮೋಟಾರಿಲ್ಲದ ನಾಡದೋಣಿಗಳಿಗೆ ನಿಷೇಧ ಇಲ್ಲ, ಮಳೆ ಇಬ್ಬರಿಗೂ ಒಂದೇ. ಮುಂದಿನ ವರ್ಷ ಅವರನ್ನೂ ಅಳೆದರೆ ಹೋಲಿಸಲು ಒಂದು ಗುಂಪು ಸಿಗುತ್ತದೆ. ಪಕ್ಕಾ ಪುರಾವೆ ಅಲ್ಲ, ಈಗಿರುವುದಕ್ಕಿಂತ ಎಷ್ಟೋ ವಾಸಿ.

ಒಬ್ಬನೇ ವ್ಯಕ್ತಿಯ ಬಗ್ಗೆ ‘ಇವನು ನಿಜವಾಗಿ ಬದಲಾದ’ ಅನ್ನಬೇಕಾದರೆ ಜೇಕಬ್‌ಸನ್ ಮತ್ತು ಟ್ರೂಯಾಕ್ಸ್ 1991ರಲ್ಲಿ ಕೊಟ್ಟ ರಿಲಯಬಲ್ ಚೇಂಜ್ ಇಂಡೆಕ್ಸ್ ನೋಡಿ, ಎರಡು ಅಳತೆಗಳ ವ್ಯತ್ಯಾಸ ಅಳತೆಯ ತಪ್ಪಿಗಿಂತ ದೊಡ್ಡದೋ ಅಂತ ಅದು ಹೇಳುತ್ತದೆ. ಉದಾಹರಣೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಜನರ ಅಂಕಗಳು ಎಷ್ಟು ಹರಡಿವೆ ಅನ್ನುವುದು) 5, ರಿಲಯಬಿಲಿಟಿ (ಅಳತೆಯನ್ನು ಎಷ್ಟು ನಂಬಬಹುದು ಅನ್ನುವುದು, 1 ಅಂದರೆ ಪೂರ್ತಿ) 0.85 ಅಂದುಕೊಳ್ಳಿ. ಆಗ ವ್ಯತ್ಯಾಸ ಸುಮಾರು 5.4 ದಾಟಬೇಕು, ಅಂದರೆ 6 ಅಂಕ. 27ರ ಅಳತೆಯಲ್ಲಿ ಅದೇನು ಸಣ್ಣದಲ್ಲ. ಮೇ ತಿಂಗಳಲ್ಲೇ ಅತಿ ಜಾಸ್ತಿ ಅಂಕ ಬಂದವರು ಮುಂದಿನ ಸಲ ತಾವಾಗಿಯೇ ಸ್ವಲ್ಪ ಇಳಿಯುತ್ತಾರೆ, ಅದನ್ನು ಸುಧಾರಣೆ ಅಂತ ಬರೆಯಬೇಡಿ.

ಕೊನೆಯದಾಗಿ, 9ನೇ ಪ್ರಶ್ನೆ ಸಾಯುವ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ 0 ಬಿಟ್ಟು ಬೇರೆ ಏನಾದರೂ ಹೇಳಿದವರಿದ್ದರೆ ಅನಾಲಿಸಿಸ್ ಪಕ್ಕಕ್ಕಿಟ್ಟು ಇವತ್ತೇ ಗೈಡ್‌ಗೆ ತಿಳಿಸಿ, ಅವರನ್ನು ಮಾತಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ.